ಬಿಳಿಚಿದ ಹವಳ ಸತ್ತ ಹವಳವೇ?

ಈ ಸಲ ಕಡಲಿನ ಕುರಿತ ಪತ್ರಗಳ ಕಟ್ಟು ದಪ್ಪಗಿದೆ. ಅವುಗಳಲ್ಲಿ ಹೆಚ್ಚಿನವು ಹವಳದ ದಿಬ್ಬಗಳ ಬಗ್ಗೆಯೇ. ಒಂದೇ ಅಳಲನ್ನು ನಾಲ್ಕಾರು ಮಂದಿ ತೋಡಿಕೊಂಡಿದ್ದಾರೆ. ಅಂಥ ಕಡೆ ಒಂದು ಪತ್ರವನ್ನಷ್ಟೇ ಆರಿಸಿ ಉತ್ತರಿಸಿದ್ದೇನೆ, ಉಳಿದವರು ಬೇಸರಿಸಬಾರದು.

ಪ್ರಶ್ನೆ: 2024ರ ಏಪ್ರಿಲ್ ಕೊನೆಯಲ್ಲಿ ಲಕ್ಷದ್ವೀಪದ ಕಡ್ಮತ್‌ಗೆ ಹೋಗಿದ್ದೆವು. ನೀರೊಳಗೆ ಮುಖವಿಟ್ಟು ನೋಡಿದರೆ ಬಣ್ಣಬಣ್ಣದ ಹವಳದ ಬದಲು ಎಲ್ಲೆಲ್ಲೂ ಹಾಲಿನಂತೆ ಬೆಳ್ಳಗೆ ಹೊಳೆಯುವ ಕೊಂಬೆಗಳು. ಸ್ಮಶಾನದಲ್ಲಿ ಈಜಿ ಬಂದಂತಾಯಿತು. ಅವೆಲ್ಲ ಸತ್ತುಹೋಗಿದ್ದವೇ?
— ನಿವೃತ್ತ ಶಿಕ್ಷಕಿ, ಬೆಂಗಳೂರು

ಉತ್ತರ: ನೀವು ನೋಡಿದ್ದು ಸ್ಮಶಾನವೋ ಅಲ್ಲವೋ ಎಂಬುದು ನಿಮ್ಮ ಪ್ರಶ್ನೆ. ಅದು ಆಸ್ಪತ್ರೆಯ ವಾರ್ಡು ಎಂದು ನನಗೆ ತೋರುತ್ತದೆ. ಹವಳ ಹೊಳೆಯುವಷ್ಟು ಬೆಳ್ಳಗಿತ್ತು ಎಂದಿದ್ದೀರಿ. ಸತ್ತ ಹವಳ ಬಹಳ ದಿನ ಹಾಗೆ ಉಳಿಯುವುದಿಲ್ಲ, ಬೇಗನೆ ಅದರ ಮೇಲೆ ಮಾಸಲು ಹಸುರು ಪಾಚಿ ಹತ್ತಿಕೊಳ್ಳುತ್ತದೆ. ಆದ್ದರಿಂದ ನೀವು ಕಂಡವುಗಳಲ್ಲಿ ಬಹುಪಾಲು ಇನ್ನೂ ಜೀವ ಹಿಡಿದುಕೊಂಡಿದ್ದವು ಎನ್ನಲು ಕಾರಣವಿದೆ.

ಆ ಬಿಳುಪು ಬಂದದ್ದು ಎಲ್ಲಿಂದ ಎಂದು ತಿಳಿದರೆ ಭಯ ಸ್ವಲ್ಪ ಇಳಿಯುತ್ತದೆ. ಹವಳ ಗಿಡವೂ ಅಲ್ಲ, ಕಲ್ಲೂ ಅಲ್ಲ. ಅದು ಸಾವಿರಾರು ಪಾಲಿಪ್‌ಗಳ (ಬಾಯಿಯ ಸುತ್ತ ಎಸಳಿನಂಥ ತೋಳುಗಳಿರುವ ಪುಟ್ಟ ಪ್ರಾಣಿಗಳ) ಒಟ್ಟು ಕುಟುಂಬ. ತಾವೇ ಸ್ರವಿಸಿದ ಸುಣ್ಣದ ಮನೆಯ ಮೇಲೆ ಅವು ಕೂತಿರುತ್ತವೆ. ಅವುಗಳ ಮೈಯೊಳಗೆ ಜೂಕ್ಸಾಂಥೆಲ್ಲೆ (ಬರಿಗಣ್ಣಿಗೆ ಕಾಣದ ಒಂಟಿಕೋಶದ ಪಾಚಿ) ವಾಸವಾಗಿದೆ. ಬಿಸಿಲಿನಿಂದ ಆಹಾರ ಮಾಡಿ ಹವಳಕ್ಕೆ ಬೇಕಾದ ಶಕ್ತಿಯಲ್ಲಿ ನೂರಕ್ಕೆ 90ರವರೆಗೂ ಒದಗಿಸುವುದು ಈ ಪಾಚಿ. ಬಣ್ಣ ಕೊಡುವುದೂ ಮುಖ್ಯವಾಗಿ ಇದೇ.

ನೀರು ಆ ಜಾಗದ ಬೇಸಿಗೆಯ ವಾಡಿಕೆಯ ಬಿಸಿಗಿಂತ ಒಂದೇ ಒಂದು ಡಿಗ್ರಿ ಸೆಲ್ಸಿಯಸ್ ಏರಿ ನಾಲ್ಕು ವಾರ ಹಾಗೇ ನಿಂತರೆ ಸಾಕು, ಒಳಗಿನ ಪಾಚಿಯ ಕೆಲಸ ಕೆಡುತ್ತದೆ. ಅದರಿಂದ ವಿಷಕಾರಿ ಪದಾರ್ಥ ಒಸರತೊಡಗುತ್ತದೆ. ಬೇರೆ ದಾರಿಯಿಲ್ಲದೆ ಹವಳ ತನ್ನ ಅಡುಗೆಯವರನ್ನೇ ಮನೆಯಿಂದ ಹೊರಗೆ ಹಾಕುತ್ತದೆ. ಆಗ ಅದರ ಪಾರದರ್ಶಕ ಮೈಯ ಹಿಂದಿನ ಸುಣ್ಣದ ಎಲುಬು ಕಾಣುತ್ತದೆ. ಬಿಳಿಚಿಕೊಳ್ಳುವುದು ಎಂದರೆ ಇಷ್ಟೇ. ಹವಳ ಆಗ ಉಪವಾಸ ಬಿದ್ದಿರುತ್ತದೆ, ಆದರೆ ಬದುಕಿರುತ್ತದೆ. ಕೆಲವು ವಾರಗಳಲ್ಲಿ ನೀರು ತಣಿದರೆ ಪಾಚಿ ಮರಳುತ್ತದೆ, ಬಣ್ಣವೂ ಮರಳುತ್ತದೆ. ಬಿಸಿ ಇಳಿಯದೆ ಎಂಟು ವಾರ ಕಳೆಯಿತೆಂದರೆ ಮಾತ್ರ ಸಾವಿನ ಲೆಕ್ಕ ಶುರುವಾಗುತ್ತದೆ.

ನೀವು ಹೋದದ್ದು ಕೆಟ್ಟ ಗಳಿಗೆಯಲ್ಲೇ. ಲೋಕದ ಉದ್ದಗಲದ ಹವಳಗಳು ನಾಲ್ಕನೆಯ ಸಲ ಒಟ್ಟಾಗಿ ಬಿಳಿಚಿಕೊಳ್ಳುತ್ತಿವೆ ಎಂದು ವಿಜ್ಞಾನಿಗಳು ಸಾರಿದ್ದು ಅದೇ ಏಪ್ರಿಲ್‌ನಲ್ಲಿ. ಲಕ್ಷದ್ವೀಪಕ್ಕೆ ಇದು ಹೊಸದೂ ಅಲ್ಲ. 1998, 2010, 2016ರಲ್ಲಿ ಅಲ್ಲಿನ ಹವಳ ಬಿಸಿಯ ಪೆಟ್ಟು ತಿಂದಿದೆ.

ನಮ್ಮ ಮೈಸೂರಿನಲ್ಲೇ ಕಚೇರಿಯಿರುವ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನ ಸಂಶೋಧಕರು ಅಗಾತಿ, ಕಡ್ಮತ್, ಕವರತ್ತಿಗಳ ದಿಬ್ಬಗಳನ್ನು 24 ವರ್ಷ ಬೆನ್ನುಹತ್ತಿ ನೋಡಿದ್ದಾರೆ. 1998ರಲ್ಲಿ ತಳದ ನೂರು ಪಾಲಿನಲ್ಲಿ ಸುಮಾರು 37 ಪಾಲು ಜೀವಂತ ಹವಳವಿತ್ತು. 2022ಕ್ಕೆ ಅದು 20ರ ಒಳಗೆ ಇಳಿದಿತ್ತು. ಆದರೆ ಅವರ ಲೆಕ್ಕದಲ್ಲಿ ಇನ್ನೊಂದು ಸಂಗತಿಯೂ ಇದೆ, ನಾನು ಅದನ್ನು ಮತ್ತೆ ಮತ್ತೆ ಓದುತ್ತೇನೆ. ಪ್ರತಿ ಹೊಸ ಪೆಟ್ಟಿಗೂ ಸಾಯುವ ಹವಳದ ಪಾಲು ಹಿಂದಿನದಕ್ಕಿಂತ ಕಡಿಮೆಯಾಗಿತ್ತು. ಗಟ್ಟಿಯವು ಉಳಿದುಕೊಂಡಿದ್ದವು. ಆದರೂ ಚೇತರಿಕೆ ಮಾತ್ರ ಸಲದಿಂದ ಸಲಕ್ಕೆ ನಿಧಾನವಾಯಿತು. ಒಂದರ ಹಿಂದೆ ಒಂದು ಟೈಫಾಯಿಡ್ ಬಂದ ಮನೆಮಗನನ್ನು ನೆನೆಯಿರಿ. ಪ್ರಾಣಕ್ಕೆ ಅಪಾಯವಿಲ್ಲ, ಆದರೆ ಎದ್ದು ಓಡಾಡುವಷ್ಟು ಮೈ ತುಂಬಿಕೊಳ್ಳಲು ಪುರುಸೊತ್ತೇ ಸಿಗುತ್ತಿಲ್ಲ.

ಮತ್ತೆ ಕಡ್ಮತ್‌ಗೆ ಹೋದರೆ ಅದೇ ಜಾಗದಲ್ಲಿ ಇಳಿದು ನೋಡಿ. ಬಿಳಿಯ ಕೊಂಬೆಗಳಿಗಿಂತ ಹೆಚ್ಚಾಗಿ ಗಿಳಿಮೀನುಗಳನ್ನು (ಗಿಳಿಯ ಕೊಕ್ಕಿನಂಥ ಹಲ್ಲಿನಿಂದ ಪಾಚಿ ಕೆರೆದು ತಿನ್ನುವ ಮೀನುಗಳನ್ನು) ಎಣಿಸಿ. ಯಾಕೆ ಎಂದು ಮುಂದಿನ ಉತ್ತರದಲ್ಲಿ ಹೇಳುತ್ತೇನೆ.

ಪ್ರಶ್ನೆ: ನಲವತ್ತು ವರ್ಷ ಕಡಲಿಗೆ ಹೋದವನು ನಾನು. 2021ರ ತೌಕ್ತೆಯನ್ನೂ ಕಂಡೆ, ಅದಕ್ಕಿಂತ ಹಿಂದಿನ ತೂಫಾನುಗಳನ್ನೂ ಕಂಡೆ. ತೂಫಾನು, ಅಲೆ, ಭೂಕಂಪ ಎಲ್ಲ ಮನುಷ್ಯ ಹುಟ್ಟುವ ಮೊದಲಿಂದಲೂ ಇವೆಯಲ್ಲ? ಹವಳವೂ ಅವನ್ನೆಲ್ಲ ದಾಟಿ ಬಂದಿದೆಯಲ್ಲ? ಈಗ ಮಾತ್ರ ಯಾಕಿಷ್ಟು ಗುಲ್ಲು?
— ಮಲ್ಪೆಯಿಂದ ಒಬ್ಬ ಹಿರಿಯ ಮೀನುಗಾರರು

ಉತ್ತರ: ನಿಮ್ಮ ಮಾತಿನಲ್ಲಿ ಅರ್ಧಕ್ಕಿಂತ ಹೆಚ್ಚು ಸತ್ಯವಿದೆ, ಅದನ್ನು ಮೊದಲು ಒಪ್ಪಿಕೊಳ್ಳುತ್ತೇನೆ. ಕಡಲಿನ ಅನುಭವದಲ್ಲಿ ನಾನು ನಿಮಗಿಂತ ಚಿಕ್ಕವನೇ.

ತೂಫಾನು ಹವಳಕ್ಕೆ ಶತ್ರುವಷ್ಟೇ ಅಲ್ಲ. ಅದು ಕೊಂಬೆ ಹವಳವನ್ನು ಮುರಿದು ಚೆಲ್ಲುತ್ತದೆ ನಿಜ, ಆದರೆ ಮುರಿದ ತುಂಡು ಸರಿಯಾದ ಜಾಗದಲ್ಲಿ ಬಿದ್ದು ಅಲುಗದೆ ನಿಂತರೆ ಅಲ್ಲೇ ಹತ್ತಿಕೊಂಡು ಹೊಸ ಹವಳವಾಗುತ್ತದೆ. ನುಗ್ಗೆಯ ಕೊಂಬೆ ಕಡಿದು ನೆಟ್ಟರೆ ಚಿಗುರುವ ಹಾಗೆ ಅನ್ನಿ. ಬೇಸಿಗೆಯ ಬಿಸಿಯಲ್ಲಿ ತೂಫಾನು ಆಳದ ತಣ್ಣೀರನ್ನು ಕಲಕಿ ಮೇಲೆ ತಂದು ಬಿಳಿಚುವುದನ್ನು ತಪ್ಪಿಸುವುದೂ ಉಂಟು.

ಜೋಸೆಫ್ ಕಾನೆಲ್ ಎಂಬ ವಿಜ್ಞಾನಿ 1978ರಲ್ಲಿ ಒಂದು ವಾದ ಮುಂದಿಟ್ಟರು. ಆಸ್ಟ್ರೇಲಿಯದ ಮಳೆಕಾಡು ಮತ್ತು ಹವಳದ ದಿಬ್ಬ ಎರಡನ್ನೂ ವರ್ಷಗಟ್ಟಲೆ ನೋಡಿದವರು ಅವರು. ಪೆಟ್ಟೇ ಬೀಳದ ಕಡೆ ಬಲಾಢ್ಯ ಜಾತಿಗಳು ಎಲ್ಲ ಜಾಗ ಹಿಡಿದುಬಿಡುತ್ತವೆ, ಪದೇ ಪದೇ ಪೆಟ್ಟು ಬೀಳುವ ಕಡೆ ಯಾವುದೂ ನಿಲ್ಲುವುದಿಲ್ಲ, ನಡುವಿನ ಹದದಲ್ಲೇ ಹೆಚ್ಚು ಬಗೆಯ ಜೀವಿಗಳಿರುತ್ತವೆ ಎಂಬುದು ಅದರ ಸಾರ. ಈ ವಾದ ಎಲ್ಲ ಕಡೆಗೂ ಹೊಂದುವುದಿಲ್ಲ ಎಂದು ಆಮೇಲೆ ಜಗಳಗಳಾಗಿವೆ. ಆದರೂ ತೂಫಾನನ್ನು ಬರೀ ಕೇಡೆಂದು ನೋಡಬಾರದು ಎಂಬ ನಿಮ್ಮ ಅನುಭವಕ್ಕೆ ಅದು ಹತ್ತಿರವಿದೆ.

ಹಾಗಾದರೆ ಈಗಿನ ತಕರಾರು ಏನು? ಅದಕ್ಕೆ ಜಮೈಕಾದ ಕತೆ ಹೇಳಬೇಕು.

1970ರ ದಶಕದ ಕೊನೆಯಲ್ಲಿ ಜಮೈಕಾದ ದಿಬ್ಬಗಳಲ್ಲಿ ಅರ್ಧಕ್ಕರ್ಧ ತಳ ಜೀವಂತ ಹವಳದಿಂದ ಮುಚ್ಚಿತ್ತು. 1980ರ ಆಗಸ್ಟ್‌ನಲ್ಲಿ ‘ಅಲೆನ್’ ಎಂಬ ಚಂಡಮಾರುತ ಬಂದು ಎಲ್ಲವನ್ನೂ ಪುಡಿಮಾಡಿತು. ಅಲ್ಲಿನ ಹವಳಕ್ಕೆ ಇದೂ ಹಳೆಯ ಪರಿಚಯವೇ. ಮುರಿದದ್ದು ಮತ್ತೆ ಮೊಳೆಯತೊಡಗಿತು. ಆದರೆ ಪಾಚಿ ತಿನ್ನುವ ಮೀನುಗಳನ್ನು ಆ ದ್ವೀಪದವರು ಬಹಳ ಹಿಂದೆಯೇ ಹಿಡಿದು ಖಾಲಿ ಮಾಡಿದ್ದರು. ದಿಬ್ಬವನ್ನು ಗುಡಿಸುವ ಕೆಲಸವೆಲ್ಲ ಸೀ ಅರ್ಚಿನ್ (ಮೈತುಂಬ ಉದ್ದ ಮುಳ್ಳಿರುವ ಚೆಂಡಿನಂಥ ಪ್ರಾಣಿ) ಒಂದರ ತಲೆಯ ಮೇಲಿತ್ತು. 1983ರಲ್ಲಿ ಕೆರಿಬಿಯನ್ ಕಡಲಿನ ಉದ್ದಕ್ಕೂ ಅವಕ್ಕೆ ರೋಗ ತಗಲಿ ನೂರಕ್ಕೆ 90ಕ್ಕಿಂತ ಹೆಚ್ಚು ಸತ್ತುಹೋದವು. ಗುಡಿಸುವವರು ಯಾರೂ ಉಳಿಯಲಿಲ್ಲ. ಹವಳದ ಮರಿಗಳಿಗೆ ಅಂಟಿಕೊಳ್ಳಲು ಬರಿಯ ಕಲ್ಲು ಬೇಕು, ಆದರೆ ಕಲ್ಲನ್ನೆಲ್ಲ ಪಾಚಿ ಮುಚ್ಚಿತು. 1990ರ ದಶಕದ ಆರಂಭಕ್ಕೆ ಜೀವಂತ ಹವಳ ನೂರಕ್ಕೆ 3ಕ್ಕೆ ಇಳಿದು, ಪಾಚಿ 90ಕ್ಕೆ ಏರಿತ್ತು.

ಈಗ ಹೇಳಿ, ಆ ದಿಬ್ಬವನ್ನು ಕೊಂದದ್ದು ಯಾರು? ತೂಫಾನೇ, ರೋಗವೇ, ಬಲೆಯೇ? ಒಂದೊಂದನ್ನೂ ಬಿಡಿಯಾಗಿ ಕೇಳಿದರೆ ‘ನಾನಲ್ಲ’ ಎನ್ನುತ್ತದೆ, ಅದು ಸುಳ್ಳೂ ಅಲ್ಲ. ಬಿದ್ದವರನ್ನು ಎಬ್ಬಿಸುವವರನ್ನು ಮೊದಲೇ ಮನೆಯಿಂದ ಕಳಿಸಿಬಿಟ್ಟಿದ್ದರು, ಆಮೇಲೆ ಪೆಟ್ಟು ಬಿತ್ತು. ಇಷ್ಟು ಮಾತ್ರ ಹೇಳಬಲ್ಲೆ.

ಲಕ್ಷದ್ವೀಪ ಜಮೈಕಾ ಆಗದೆ ಇಷ್ಟು ಕಾಲ ಉಳಿದದ್ದರಲ್ಲಿ ನಿಮ್ಮ ಕಸುಬಿನವರ ಪಾಲಿದೆ. ಅಲ್ಲಿನವರು ತಲೆಮಾರುಗಳಿಂದ ಕೋಲು ಗಾಳದಲ್ಲಿ ಹೊರಗಡಲಿನ ಟ್ಯೂನಾ ಹಿಡಿದು ಬಾಳಿದರು, ದಿಬ್ಬದ ಮೀನಿನ ತಂಟೆಗೆ ಹೆಚ್ಚು ಹೋಗಲಿಲ್ಲ. 1998ರ ಪೆಟ್ಟಿನ ಮೇಲೂ ಪಾಚಿ ಅಲ್ಲಿ ಮೇಲುಗೈ ಸಾಧಿಸಲಿಲ್ಲ, ಗಿಳಿಮೀನುಗಳು ಇದ್ದವು. ಈಚೆಗೆ ದಿಬ್ಬದ ಮೀನಿಗೂ ಹೊರಗಿನ ಮಾರುಕಟ್ಟೆ ಕೈಚಾಚಿದೆ. ನನಗೆ ತೂಫಾನಿಗಿಂತ ಆ ಕೈಯ ಭಯ ಹೆಚ್ಚು.

ಭೂಕಂಪದ ಮಾತು ಎತ್ತಿದ್ದೀರಿ. 2004ರ ಡಿಸೆಂಬರ್ 26ರ ಕಂಪನದಲ್ಲಿ ಉತ್ತರ ಅಂಡಮಾನಿನ ಕೆಲವು ದಡಗಳು ನೆಲಸಮೇತ ಮೇಲೆದ್ದವು. ನೀರೊಳಗಿದ್ದ ಹವಳ ಬಿಸಿಲಿಗೆ ಬಂದು ನಿಂತಲ್ಲೇ ಒಣಗಿತು. ಅಂಥದ್ದಕ್ಕೆ ಹವಳದ ಬಳಿ ಮದ್ದಿಲ್ಲ, ನಮ್ಮ ಬಳಿಯೂ ಇಲ್ಲ.

ಪ್ರಶ್ನೆ: ಹವಳ ತಿನ್ನುವ ನಕ್ಷತ್ರಮೀನು ಇದೆ ಎಂದು ಓದಿದೆ. ಅದನ್ನು ಪೂರ್ತಿ ನಿರ್ನಾಮ ಮಾಡಿದರೆ ಸಮಸ್ಯೆ ಮುಗಿಯುವುದಿಲ್ಲವೇ?
— ಪಿಯುಸಿ ವಿದ್ಯಾರ್ಥಿ, ಹಾಸನ

ಉತ್ತರ: ನಿಮಗೆ ಆ ಪ್ರಾಣಿಯ ಮೇಲೆ ಸಿಟ್ಟು ಬಂದಿದೆ, ಬರುವುದು ಸಹಜ. ಮುಳ್ಳುಕಿರೀಟದ ನಕ್ಷತ್ರಮೀನು (ಹತ್ತಾರು ತೋಳು, ಮೈಮೇಲೆ ವಿಷಮುಳ್ಳು ಇರುವ ದೊಡ್ಡ ನಕ್ಷತ್ರಮೀನು) ತನ್ನ ಹೊಟ್ಟೆಯನ್ನೇ ಬಾಯಿಂದ ಹೊರಚಾಚಿ ಹವಳದ ಮೇಲೆ ಹಾಸಿ ಜೀರ್ಣಿಸಿಕೊಳ್ಳುತ್ತದೆ. ಒಂದೇ ಪ್ರಾಣಿ ವರ್ಷಕ್ಕೆ ಹತ್ತು ಚದರ ಮೀಟರಿನವರೆಗೂ ತಿಂದುಹಾಕಬಲ್ಲದು. ಆಸ್ಟ್ರೇಲಿಯದ ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ 1985ರಿಂದ 2012ರೊಳಗೆ ಹವಳದ ಹೊದಿಕೆ ಅರ್ಧಕ್ಕಿಳಿಯಿತು. ಆ ನಷ್ಟದಲ್ಲಿ ನೂರಕ್ಕೆ 48 ಪಾಲು ಚಂಡಮಾರುತದ್ದು, 42 ಪಾಲು ಈ ನಕ್ಷತ್ರಮೀನಿನದು, 10 ಪಾಲು ಮಾತ್ರ ಬಿಳಿಚುವಿಕೆಯದು ಎಂದು ಅಲ್ಲಿನವರು ಲೆಕ್ಕ ಹಾಕಿದ್ದರು. (ಆಮೇಲೆ ಈ ಲೆಕ್ಕ ತಲೆಕೆಳಗಾಯಿತು. 2016ರ ಒಂದೇ ಬಿಸಿಗೆ ಅಲ್ಲಿನ ಆಳವಿಲ್ಲದ ನೀರಿನ ಹವಳದಲ್ಲಿ ಸುಮಾರು 30 ಪಾಲು ಸತ್ತಿತು.)

ಆದರೆ ನಾಲ್ಕಾರು ಇದ್ದಾಗ ಇದೇ ನಕ್ಷತ್ರಮೀನು ಉಪಕಾರಿ. ಸರಸರ ಬೆಳೆದು ಎಲ್ಲರ ಬಿಸಿಲು ಕಸಿಯುವ ಕೊಂಬೆ ಹವಳವೇ ಅದಕ್ಕೆ ಹೆಚ್ಚು ರುಚಿ. ಅದನ್ನು ತಿಂದು ನಿಧಾನವಾಗಿ ಬೆಳೆಯುವ ಗುಂಡು ಹವಳಕ್ಕೆ ಜಾಗ ಬಿಡಿಸಿಕೊಡುತ್ತದೆ. ಅದು ಲಕ್ಷಗಟ್ಟಲೆ ಆದಾಗ ಮಾತ್ರ ಪಿಡುಗು. ಹಾಗಾಗುವುದು ಯಾಕೆ? ಹೊಲಗದ್ದೆಯ ಗೊಬ್ಬರ ಮಳೆನೀರಿನ ಜೊತೆ ಹೊಳೆ ಸೇರಿ ಕಡಲಿಗೆ ಇಳಿದಾಗ ತೇಲುಪಾಚಿ ಹುಲುಸಾಗುತ್ತದೆ. ಅದನ್ನು ತಿಂದು ಬೆಳೆಯುವ ನಕ್ಷತ್ರಮೀನಿನ ಮರಿಗಳೂ ಹೆಚ್ಚು ಬದುಕುತ್ತವೆ. ಕ್ವೀನ್ಸ್‌ಲ್ಯಾಂಡಿನ ಕಬ್ಬಿನ ಗದ್ದೆಗಳತ್ತ ವಿಜ್ಞಾನಿಗಳು ಬೆರಳು ತೋರಿಸುವುದು ಇದಕ್ಕೇ. ಅತಿಯಾದ ಕಡೆ ಮುಳುಗುಗಾರರು ಒಂದೊಂದಕ್ಕೂ ಪಿತ್ತರಸದ ಇಂಜೆಕ್ಷನ್ ಚುಚ್ಚಿ ಕೊಲ್ಲುತ್ತಾರೆ. ವಿನೆಗರ್ ಕೂಡ ಕೆಲಸ ಮಾಡುತ್ತದೆ. ಅದು ತುರ್ತು ಚಿಕಿತ್ಸೆ ಮಾತ್ರ, ಗದ್ದೆಯ ಗೊಬ್ಬರದ ಲೆಕ್ಕ ಸರಿಹೋಗುವವರೆಗೆ ಚುಚ್ಚುತ್ತಲೇ ಇರಬೇಕಾಗುತ್ತದೆ.

ಪ್ರಶ್ನೆ: ಅಜ್ಜಿ ಕೊಟ್ಟ ಹವಳದ ಸರ ನನ್ನ ಬಳಿ ಇದೆ. ಹವಳದ ದಿಬ್ಬಗಳು ಸಾಯುತ್ತಿವೆ ಎಂದು ಓದಿದ ಮೇಲೆ ಅದನ್ನು ಹಾಕಿಕೊಳ್ಳಲು ಮನಸ್ಸು ಒಪ್ಪುತ್ತಿಲ್ಲ.
— ಗೃಹಿಣಿ, ಹುಬ್ಬಳ್ಳಿ

ಉತ್ತರ: ಹಾಕಿಕೊಳ್ಳಿ, ತಾಯಿ. ಒಡವೆಯ ಕೆಂಪು ಹವಳದ ಜಾತಿಯೇ ಬೇರೆ. ಹೆಚ್ಚಾಗಿ ಮೆಡಿಟರೇನಿಯನ್ ಕಡಲಿನ ಮಬ್ಬುಗತ್ತಲಿನಲ್ಲಿ ಬೆಳೆಯುವಂಥದ್ದು ಅದು, ದಿಬ್ಬ ಕಟ್ಟುವುದಿಲ್ಲ. ಅದಕ್ಕೂ ಅದರದೇ ಸಂಕಟಗಳಿವೆ, ಹಾಗಾಗಿ ಹೊಸದನ್ನು ಕೊಳ್ಳಲು ಅವಸರ ಬೇಡ. ಅಜ್ಜಿಯದು ಅಜ್ಜಿಯದೇ.

ಪ್ರಶ್ನೆ: ಅಣುಬಾಂಬು ಸಿಡಿಸಿದ ಜಾಗದಲ್ಲೂ ಹವಳ ಮತ್ತೆ ಬೆಳೆದಿದೆಯಂತೆ. ನಿಜವೇ? ನಿಜವಾದರೆ ಒಂದೆರಡು ಡಿಗ್ರಿ ಬಿಸಿಗೆ ಹೆದರುವುದು ಏಕೆ?
— ಔಷಧಿ ಅಂಗಡಿಯ ಮಾಲೀಕರು, ದಾವಣಗೆರೆ

ಉತ್ತರ: ನಿಜ. ಪೆಸಿಫಿಕ್ ಸಾಗರದ ಬಿಕಿನಿ ದ್ವೀಪವಲಯದಲ್ಲಿ ಅಮೆರಿಕ 1946ರಿಂದ 1958ರೊಳಗೆ 23 ಅಣ್ವಸ್ತ್ರಗಳನ್ನು ಸಿಡಿಸಿತು. 1954ರ ಮಾರ್ಚ್ 1ರಂದು ಸಿಡಿದ ‘ಬ್ರಾವೊ’ ಸುಮಾರು ಎರಡು ಕಿಲೋಮೀಟರ್ ಅಗಲದ ಗುಂಡಿ ತೋಡಿತು. ಅಲ್ಲಿದ್ದ ಹವಳ ಆವಿಯಾಗಿಹೋಯಿತು. ಐವತ್ತು ವರ್ಷಗಳ ಮೇಲೆ ವಿಜ್ಞಾನಿಗಳು ಆ ಗುಂಡಿಗೆ ಇಳಿದಾಗ ಮರಗಳಂತೆ ಎತ್ತರ ಬೆಳೆದ ಹವಳ ಕಂಡರು. ಹಾಗೆಂದು ಎಲ್ಲವೂ ಮರಳಿರಲಿಲ್ಲ, ಹಿಂದೆ ಅಲ್ಲಿದ್ದ ಹಲವು ಜಾತಿಗಳು ಹುಡುಕಿದರೂ ಸಿಗಲಿಲ್ಲ.

ನಿಮ್ಮ ಎರಡನೆಯ ಪ್ರಶ್ನೆ ಜಾಣತನದ್ದು. ಉತ್ತರ ಬಾಂಬಿನಲ್ಲಿಲ್ಲ, ಬಾಂಬಿನ ನಂತರದ ಐವತ್ತು ವರ್ಷಗಳಲ್ಲಿದೆ. ವಿಕಿರಣದ ಭಯಕ್ಕೆ ಜನ ಆ ಕಡೆ ಸುಳಿಯಲಿಲ್ಲ. ಮೀನು ಹಿಡಿಯುವವರಿಲ್ಲ, ಕೆಸರು ಕದಡುವವರಿಲ್ಲ. ಪಕ್ಕದ ರೊಂಗೆಲಾಪ್ ದ್ವೀಪವಲಯದಲ್ಲಿ ಉಳಿದುಕೊಂಡಿದ್ದ ಹವಳದ ಮರಿಗಳು ತೇಲಿ ಬಂದಿರಬೇಕು ಎಂಬುದು ಸಂಶೋಧಕರ ಅಂದಾಜು. ಬಿಕಿನಿಯ ಮೂಲನಿವಾಸಿಗಳು ಊರನ್ನೇ ಕಳೆದುಕೊಂಡದ್ದು ಹವಳಕ್ಕೆ ಬಿಡುವಾಯಿತು. ಇದನ್ನು ಒಳ್ಳೆಯ ಸುದ್ದಿ ಎನ್ನಲು ನನ್ನ ನಾಲಿಗೆ ಹೊರಳುವುದಿಲ್ಲ.

ಪಶ್ಚಿಮ ಆಸ್ಟ್ರೇಲಿಯದ ಸ್ಕಾಟ್ ರೀಫ್ ಇನ್ನೊಂದು ಸಾಕ್ಷಿ. ದಡದಿಂದ ಇನ್ನೂರಕ್ಕೂ ಹೆಚ್ಚು ಕಿಲೋಮೀಟರ್ ದೂರದ ಒಂಟಿ ದಿಬ್ಬ ಅದು. 1998ರ ಬಿಸಿಗೆ ಅಲ್ಲಿನ ಹವಳದ ಬಹುಪಾಲು ಸತ್ತಿತು. ಹೊರಗಿನಿಂದ ಮರಿ ಬರುವ ದಾರಿಯಿಲ್ಲದ ಕಾರಣ ಅದರ ಕತೆ ಮುಗಿಯಿತು ಎಂದೇ ಭಾವಿಸಿದ್ದರು. ಸುಮಾರು 12 ವರ್ಷಗಳಲ್ಲಿ ಅದು ಮೈದುಂಬಿಕೊಂಡಿತು. ನೀರು ತಿಳಿಯಾಗಿತ್ತು, ಪಾಚಿ ಮೇಯುವ ಮೀನು ಯಥೇಚ್ಛವಾಗಿತ್ತು. ಅಷ್ಟರಲ್ಲಿ 2016 ಬಂತು, ಅದು ಮತ್ತೆ ಬಿಳಿಚಿತು. ಒಂದು ದೊಡ್ಡ ಪೆಟ್ಟಾದ ಮೇಲೆ ಹತ್ತು ಹನ್ನೆರಡು ವರ್ಷ ಸುಮ್ಮನೆ ಬಿಟ್ಟರೆ ಹವಳ ಏಳುತ್ತದೆ. ನಾಲ್ಕೈದು ವರ್ಷಕ್ಕೊಮ್ಮೆ ಬರುವ ಸಣ್ಣ ಪೆಟ್ಟು ಬಾಂಬಿಗಿಂತ ಕ್ರೂರವಾಗುವುದು ಹೀಗೆ. ಅಂಗಡಿಯಲ್ಲಿ ಕೂತು ನೀವೂ ನೋಡಿರುತ್ತೀರಿ, ಕೋರ್ಸ್ ಮುಗಿಯುವ ಮೊದಲೇ ಕೆಲಸಕ್ಕೆ ಹೊರಟವರು ಮತ್ತೆ ಚೀಟಿ ಹಿಡಿದು ಬರುವುದನ್ನು.

ಪ್ರಶ್ನೆ: ಮುರುಡೇಶ್ವರದಿಂದ ನೇತ್ರಾಣಿಗೆ ಡೈವಿಂಗ್ ಕರೆದೊಯ್ಯುವ ದೋಣಿಯಲ್ಲಿ ಕೆಲಸ ಮಾಡುತ್ತೇನೆ. ನಮ್ಮಿಂದಲೇ ಹವಳ ಹಾಳಾಗುತ್ತಿದೆ ಎಂದು ಕೆಲವರು ಬೈಯುತ್ತಾರೆ. ಕೆಲಸ ಬಿಡಬೇಕೇ?
— ಯುವಕ, ಭಟ್ಕಳ ತಾಲ್ಲೂಕು

ಉತ್ತರ: ಬಿಡಬೇಡಿ. ದಿನಾ ಅಲ್ಲಿಗೆ ಹೋಗುವ ನಿಮ್ಮಂಥವರ ಕಣ್ಣು ಆ ದ್ವೀಪಕ್ಕೆ ಬೇಕು. ಜಗತ್ತಿನ ಬಿಸಿ ನಿಮ್ಮ ದೋಣಿಯಿಂದ ಬಂದದ್ದಲ್ಲ. ಆದರೆ ಬೈದವರ ಮಾತನ್ನು ಪೂರ್ತಿ ತಳ್ಳಿಹಾಕಲೂ ಬೇಡಿ.

ನೇತ್ರಾಣಿಯ ಹವಳ ಕಷ್ಟಸಹಿಷ್ಣು. ಮಳೆಗಾಲದಲ್ಲಿ ನಮ್ಮ ಹೊಳೆಗಳು ಕಡಲಿಗೆ ಸುರಿಯುವ ಕೆಸರಿಗೆ ಬಿಸಿಲು ಮಸುಕಾಗುತ್ತದೆ, ಮೇಲೆ ಮಣ್ಣು ಕೂರುತ್ತದೆ. ಹವಳ ಲೋಳೆ ಸ್ರವಿಸಿ ಆ ಮಣ್ಣನ್ನು ಜಾರಿಸಿ ಹಾಕುತ್ತದೆ, ಆ ಲೋಳೆ ಮಾಡಲು ಅದರ ಶಕ್ತಿಯೆಲ್ಲ ಸೋರುತ್ತದೆ. ಈಗಾಗಲೇ ದುಡಿದು ದಣಿದಿರುವ ಅದಕ್ಕೆ ಲಂಗರಿನ ಏಟೂ ಬೀಳಬಾರದು. ಲಂಗರು ಬಿಡುವ ಬದಲು ಒಮ್ಮೆ ಗಟ್ಟಿಯಾಗಿ ನೆಟ್ಟ ತೇಲುಬುರುಡೆಗೆ (ತಳಕ್ಕೆ ಕಟ್ಟಿ ಮೇಲೆ ತೇಲಿಬಿಟ್ಟ ಗುರುತಿಗೆ) ಹಗ್ಗ ಕಟ್ಟಿ. ಹೊಸಬರು ಕಾಲಿನ ರೆಕ್ಕೆಯಲ್ಲಿ ತಳವನ್ನು ಒದೆಯದಂತೆ, ಏನನ್ನೂ ಮುಟ್ಟದಂತೆ ನೀರಿಗಿಳಿಯುವ ಮೊದಲೇ ಹೇಳಿ. ಸನ್‌ಸ್ಕ್ರೀನ್ ವಿಷಯವೂ ಒಂದಿದೆ. ಹವಾಯಿಯಲ್ಲಿ ಆಕ್ಸಿಬೆಂಜೋನ್ ಇರುವ ಕ್ರೀಮುಗಳ ಮಾರಾಟವನ್ನು 2021ರಿಂದ ನಿಲ್ಲಿಸಿದ್ದಾರೆ. ಬಿಸಿಯ ಮುಂದೆ ಅದು ಚಿಕ್ಕ ವಿಷಯ. ಆದರೂ ತುಂಬುತೋಳಿನ ಈಜುಡುಗೆ ಕೊಟ್ಟರೆ ಕ್ರೀಮಿನ ಗೊಡವೆಯೇ ಇರುವುದಿಲ್ಲ. ಮಳೆಗಾಲದಲ್ಲಿ ಡೈವಿಂಗ್ ನಿಲ್ಲುತ್ತದಲ್ಲ, ಆ ರಜೆ ನಿಮಗೆ ನಷ್ಟವಾದರೂ ಹವಳಕ್ಕೆ ದಕ್ಕುವ ಬಿಡುವು.

ಪ್ರಶ್ನೆ: ನನ್ನ ಮಗಳಿಗೆ ಹದಿಮೂರು ವರ್ಷ. ತಾನು ದೊಡ್ಡವಳಾಗುವಷ್ಟರಲ್ಲಿ ಹವಳವೇ ಇರುವುದಿಲ್ಲವೆಂದು ಎಲ್ಲೋ ನೋಡಿ ರಾತ್ರಿ ಅಳುತ್ತಾಳೆ. ‘ಹಾಗೇನೂ ಆಗಲ್ಲ’ ಎಂದರೆ ನಂಬುವುದಿಲ್ಲ. ಏನು ಹೇಳಲಿ?
— ತಾಯಿ, ಶಿವಮೊಗ್ಗ

ಉತ್ತರ: ಮೊದಲು, ‘ಹಾಗೇನೂ ಆಗಲ್ಲ’ ಎನ್ನುವುದನ್ನು ನಿಲ್ಲಿಸಿ. ಆಕೆ ನಂಬದಿರುವುದು ಸರಿಯಾಗಿಯೇ ಇದೆ. ಅವಳ ಭಯಕ್ಕೆ ಆಧಾರವಿದೆ ಎಂದು ಒಪ್ಪಿಕೊಂಡರೆ ಅವಳು ಒಂಟಿಯಲ್ಲ ಎಂದಾದರೂ ಅನಿಸುತ್ತದೆ.

ಅವಳು ಬಹುಶಃ ಕಂಡದ್ದು ವಿಶ್ವಸಂಸ್ಥೆಯ ಹವಾಮಾನ ಸಮಿತಿಯ 2018ರ ವರದಿಯ ಅಂಕಿ. ಭೂಮಿ ಕೈಗಾರಿಕೆಗಳ ಮುಂಚಿನ ಕಾಲಕ್ಕಿಂತ 1.5 ಡಿಗ್ರಿ ಬಿಸಿಯಾದರೆ ಹವಳದ ದಿಬ್ಬಗಳಲ್ಲಿ ನೂರಕ್ಕೆ 70ರಿಂದ 90, 2 ಡಿಗ್ರಿಯಾದರೆ 99ಕ್ಕಿಂತ ಹೆಚ್ಚು ನಶಿಸಬಹುದು ಎಂದು ಅದು ಹೇಳಿತ್ತು. ಇದನ್ನು ಓದುವಾಗ ಎಲ್ಲರೂ ದೊಡ್ಡ ಅಂಕಿಗಳನ್ನೇ ನೋಡುತ್ತಾರೆ. ಅವಳಿಗೆ ಉಳಿದ ಭಾಗವನ್ನು ತೋರಿಸಿ. ನೂರಕ್ಕೆ ಹತ್ತೋ ಮೂವತ್ತೋ ಉಳಿಯುವುದಕ್ಕೂ ಒಂದೂ ಉಳಿಯದಿರುವುದಕ್ಕೂ ನಡುವೆ ಇರುವುದು ಅರ್ಧ ಡಿಗ್ರಿ. ಆ ಅರ್ಧ ಡಿಗ್ರಿ ಇನ್ನೂ ಮನುಷ್ಯರ ಕೈಯಲ್ಲಿದೆ.

ಹವಳವೂ ಕೈಕಟ್ಟಿ ಕೂತಿಲ್ಲ. ಪರ್ಷಿಯನ್ ಕೊಲ್ಲಿಯಲ್ಲಿ ಬೇಸಿಗೆಯ ನೀರು 35 ಡಿಗ್ರಿ ಮುಟ್ಟಿದರೂ ತಾಳುವ ಹವಳವಿದೆ. ಕೆಲವು ಹವಳಗಳು ಬಿಳಿಚಿದ ಮೇಲೆ ಹೆಚ್ಚು ಬಿಸಿ ತಾಳುವ ಪಾಚಿಗೆ ಒಳಗೆ ಜಾಗ ಕೊಡುತ್ತವೆ, ಅದಕ್ಕೆ ಬೆಲೆಯಾಗಿ ನಿಧಾನ ಬೆಳೆಯುತ್ತವೆ. 2023ರಲ್ಲಿ ಫ್ಲಾರಿಡಾದ ನೀರು ವಿಪರೀತ ಕಾದಾಗ, ಅಲ್ಲಿನವರು ಕಡಲಿನಲ್ಲಿ ಬೆಳೆಸುತ್ತಿದ್ದ ಹವಳದ ಸಸಿಗಳನ್ನು ಎತ್ತಿ ದಡದ ತೊಟ್ಟಿಗಳಿಗೆ ಸಾಗಿಸಿದರು. ಇಂಥ ಕೆಲಸ ಇಡೀ ಕಡಲನ್ನು ಉಳಿಸುವುದಿಲ್ಲ, ಬೀಜವನ್ನಷ್ಟೇ ಉಳಿಸುತ್ತದೆ. ಮಗಳಿಗೆ ಹಾಗೆಯೇ ಹೇಳಿ, ಹೆಚ್ಚು ಮಾಡಿ ಹೇಳಬೇಡಿ.

‘ಹವಳ ಇಪ್ಪತ್ತು ಕೋಟಿ ವರ್ಷಕ್ಕೂ ಹಳೆಯದು, ಅದಕ್ಕೇನೂ ಆಗದು’ ಎಂದು ಸಮಾಧಾನ ಹೇಳುವವರೂ ಸಿಗುತ್ತಾರೆ. ಅವರ ಮಾತು ಅರ್ಧ ಮಾತ್ರ. ಹಿಂದಿನ ಮಹಾವಿನಾಶಗಳಲ್ಲಿ ಹವಳದ ಕುಲ ಉಳಿಯಿತು, ಆದರೆ ದಿಬ್ಬಗಳು ಮತ್ತೆ ಏಳಲು ಲಕ್ಷಾಂತರ ವರ್ಷ ಹಿಡಿಯಿತು. ನಿಮ್ಮ ಮಗಳಿಗೆ ಅಷ್ಟು ಹೊತ್ತು ಕಾಯಲು ಆಗುವುದಿಲ್ಲ.

ಮಲಗುವ ಮುನ್ನ ಸಾವಿನ ಚಿತ್ರ ನೋಡಿಸಬೇಡಿ. ಬದಲಿಗೆ ಹವಳದ ಮೊಟ್ಟೆ ಹಬ್ಬದ ದೃಶ್ಯ ಹುಡುಕಿ ತೋರಿಸಿ. ವರ್ಷಕ್ಕೊಮ್ಮೆ ಹುಣ್ಣಿಮೆ ಕಳೆದ ಕೆಲವು ರಾತ್ರಿಗಳಲ್ಲಿ, ಗ್ರೇಟ್ ಬ್ಯಾರಿಯರ್ ರೀಫ್‌ನ ಹತ್ತಾರು ಜಾತಿಯ ಹವಳಗಳು ಮಾತಾಡಿಕೊಂಡವರಂತೆ ಒಟ್ಟಿಗೆ ಮೊಟ್ಟೆ ಬಿಡುತ್ತವೆ. ಗುಲಾಬಿ ಬಣ್ಣದ ಕಾಳುಗಳು ತಲೆಕೆಳಗಾದ ಮಳೆಯಂತೆ ಮೇಲೇಳುತ್ತವೆ. 1980ರ ದಶಕದ ಆರಂಭದವರೆಗೆ ವಿಜ್ಞಾನಿಗಳಿಗೇ ಇದು ಗೊತ್ತಿರಲಿಲ್ಲ.

ಈ ಉತ್ತರವನ್ನು ನೀವು ಓದಿ ಹೇಳಬೇಡಿ, ಅವಳ ಕೈಗೆ ಕೊಡಿ. ಇನ್ನೇನಾದರೂ ಕೇಳುವುದಿದ್ದರೆ ಮುಂದಿನ ಪತ್ರ ಅವಳೇ ಬರೆಯಲಿ. ಅಂಚೆ ಕಾರ್ಡಾದರೂ ಸಾಕು.